ಹಾಸಿಗೆ ಇದ್ದಷ್ಟು ಹಳಿ ಚಾಚಿ

ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ತಡಕಿ ನೋಡಿ. ಹಳೆಯ ಸೂಟ್‌ಕೇಸು, ಮದುವೆಯಲ್ಲಿ ಬಂದ ಟೀ ಸೆಟ್ಟು, ದಾವತ್ತಿಗೆ ಮಾತ್ರ ಕೆಳಗಿಳಿಯುವ ದೇಗಡಿಗಳ ಹಿಂದೆ ಒಂದು ಉದ್ದನೆಯ ಡಬ್ಬ ಸಿಕ್ಕರೂ ಸಿಗಬಹುದು. ದುಬೈಯಿಂದಲೋ ಜಿದ್ದಾದಿಂದಲೋ ಮಾಮೂ ತಂದುಕೊಟ್ಟ ರೈಲಿನ ಸೆಟ್ಟು ಅದು. ತಂದ ದಿನ ಮನೆಯವರೆಲ್ಲ ಸುತ್ತ ಕುಳಿತು ನೋಡಿದ್ದರು. ಎರಡನೇ ದಿನ ಮಕ್ಕಳು ಮಾತ್ರ ನೋಡಿದರು. ವಾರ ಕಳೆಯುವಷ್ಟರಲ್ಲಿ ಯಾರೂ ನೋಡಲಿಲ್ಲ. "ಇಷ್ಟು ದುಬಾರಿ ವಸ್ತು, ಈ ಮಕ್ಕಳಿಗೆ ಯಾವುದರ ಕದರೂ ಇಲ್ಲ" ಎಂದು ಬೇಸರಪಟ್ಟು ನೀವೇ ಅದನ್ನು ಕಟ್ಟಿ ಮೇಲಿಟ್ಟಿರಿ.

ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಡಬ್ಬದಲ್ಲಿ ಬಂದದ್ದು ಬರೀ ಒಂದು ಸುತ್ತು ಹಳಿ. ಅದರ ಮೇಲೆ ರೈಲು ಗಾಣದ ಎತ್ತಿನಂತೆ ತಿರುಗುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತದೆ, ಯಾರು ಹತ್ತಿದರು, ಯಾರು ಇಳಿದರು ಎಂದು ಕೇಳಿದರೆ ಉತ್ತರವಿಲ್ಲ. ಊರಿಲ್ಲದ ರೈಲನ್ನು ಮಗು ಎಷ್ಟು ಹೊತ್ತು ನೋಡೀತು? ಜರ್ಮನಿಯ ಮಾರ್ಕ್ಲಿನ್ ಕಂಪೆನಿ 1891ರಲ್ಲೇ ಎಂಟರ ಆಕಾರದ ಹಳಿಯನ್ನು ಮಾರುಕಟ್ಟೆಗೆ ತಂದಿತ್ತು. ಬರೀ ಸುತ್ತು ಸಾಲದು ಎಂಬುದು ಆಗಲೇ ಅವರಿಗೆ ತಿಳಿದಿತ್ತು ಎಂದಾಯಿತು.

ಆದ್ದರಿಂದ ಮನೆಯಲ್ಲಿ ರೈಲು ಹಾಕಬೇಕೆಂದಾಗ ಮೊದಲು ಕೇಳಬೇಕಾದದ್ದು "ಎಷ್ಟು ಹಳಿ ಕೊಳ್ಳೋಣ" ಎಂದಲ್ಲ. "ಯಾವ ಊರಿನಿಂದ ಯಾವ ಊರಿಗೆ" ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಕ್ಕ ಮೇಲೆ ಕಾಗದದ ಮೇಲೆ ನಕ್ಷೆ, ನಕ್ಷೆ ಒಪ್ಪಿಗೆಯಾದ ಮೇಲೆ ಹಣ. ಈ ಕ್ರಮ ತಪ್ಪಿದರೆ ನೂರಾರು ರೂಪಾಯಿಯ ಹಳಿತುಂಡುಗಳು ಒಂದಕ್ಕೊಂದು ಹೊಂದದೆ ಮತ್ತೆ ಅಟ್ಟ ಸೇರುತ್ತವೆ.

ಇದನ್ನು ಮನೆಯ ಹೆಂಗಸರಿಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಮನೆಯಲ್ಲಿ ಜಾಗ ಎಲ್ಲಿದೆ, ಎಷ್ಟು ಹೊತ್ತಿಗೆ ಖಾಲಿ ಇರುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಬ್ಲೌಸು, ಕಮೀಜು ಕತ್ತರಿಸುವ ಕೈಗೆ ಹಳಿಯ ನಕ್ಷೆ ಹೊಸ ವಿದ್ಯೆಯಲ್ಲ. ಮೊದಲು ಕಾಗದದ ಮೇಲೆ ಅಳತೆ, ಆಮೇಲೆ ಬಟ್ಟೆ. ಅಂಚಿಗೆ ಹೊಲಿಗೆಯ ಜಾಗ ಬಿಡುವುದು. ಕಂಕುಳ ಸುತ್ತನ್ನು ಒಮ್ಮೆಲೇ ತಿರುಗಿಸದೆ ಮೆಲ್ಲಗೆ ಇಳಿಸುವುದು. ಇವಿಷ್ಟೂ ಇಲ್ಲಿಯೂ ಇವೆ.

ನಮ್ಮ ಜಿಲ್ಲೆಯ ದಾರಿ

ಬೀದರ್‌ನವರು ನಕ್ಷೆಗಾಗಿ ದೂರ ಹುಡುಕಬೇಕಿಲ್ಲ. ವಿಕಾರಾಬಾದ್‌ನಿಂದ ಬೀದರ್ ಮೇಲೆ ಪರಳಿಗೆ ಹೋಗುವ ಮಾರ್ಗ 1930ರ ಆಸುಪಾಸಿನಲ್ಲಿ, ನಿಜಾಮರ ರೈಲ್ವೆಯ ಕಾಲದಲ್ಲಿ ಹಾಕಿದ್ದು. ಜಹೀರಾಬಾದ್ ದಾಟಿ ಬೀದರ್, ಮುಂದೆ ಖಾನಾಪುರ, ಹಾಲಬರ್ಗಾ, ಭಾಲ್ಕಿ, ಕಮಲನಗರ, ಉದಗೀರ್. ಖಾನಾಪುರದಿಂದ ಇನ್ನೊಂದು ಹಳಿ ಹಳ್ಳಿಖೇಡ, ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗುತ್ತದೆ. ನಮ್ಮ ಜಿಲ್ಲೆ ದಶಕಗಟ್ಟಲೆ ಕಾದ ಮಾರ್ಗ ಅದು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ದಾರಿಯಲ್ಲಿ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗವಿದೆ. ಮಕ್ಕಳು ಬಾಯಿಬಿಟ್ಟು ಕೇಳುವ ಸಂಗತಿ ಇದು.

ಭಾಲ್ಕಿ ಕಡೆಗೆ ರೈಲಿನಲ್ಲಿ ಹೋದವರಿಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತು: "ಕ್ರಾಸಿಂಗ್‌ಗೆ ನಿಂತಿದೆ." ಹಳಿ ಒಂದೇ, ರೈಲು ಎರಡೂ ದಿಕ್ಕಿನಿಂದ ಬರಬೇಕು. ಹಾಗಾಗಿ ಒಂದು ರೈಲು ಸ್ಟೇಷನ್ನಿನಲ್ಲಿ ಪಕ್ಕದ ಲೂಪ್ ಹಳಿಗೆ ಸರಿದು ನಿಲ್ಲುತ್ತದೆ, ಎದುರಿನದು ಹೋದ ಮೇಲೆ ಹೊರಡುತ್ತದೆ. ಕೂತವರಿಗೆ ಅದು ಬೇಸರ. ನಕ್ಷೆ ಹಾಕುವವರಿಗೆ ಅದೇ ಆಟದ ಜೀವಾಳ. ಒಂದು ಸುತ್ತು ಹಳಿಯ ಮೇಲೆ ಭಾಲ್ಕಿ ಎಂದು ಒಂದು ಲೂಪ್ ಹಾಕಿ ನೋಡಿ. ಕೂಡಲೇ ಇಬ್ಬರು ಮಕ್ಕಳು ಬೇಕಾಗುತ್ತಾರೆ. ಒಬ್ಬಳು ಬೀದರ್‌ನ ಸ್ಟೇಷನ್ ಮಾಸ್ತರ್, ಒಬ್ಬ ಭಾಲ್ಕಿಯವನು. "ನಿನ್ನ ಗಾಡಿ ಬಿಡಬೇಡ, ನನ್ನದು ಹೊರಟಿದೆ" ಎಂದು ಒಬ್ಬರನ್ನೊಬ್ಬರು ಕೇಳದೆ ರೈಲು ಓಡಿಸುವಂತಿಲ್ಲ. ನಿಮ್ಮ ಮಗಳನ್ನು ಬೀದರ್‌ನಲ್ಲೇ ಕೂರಿಸಿ. ಅಲ್ಲಿ ಕೆಲಸ ಜಾಸ್ತಿ.

ಬೀದರ್‌ನಲ್ಲಿ ಕೊನೆಗೊಳ್ಳುವ ಗಾಡಿಗಳಿಗೆ ಇನ್ನೊಂದು ಸಮಸ್ಯೆ. ಇಂಜಿನ್ ಮುಂದಿದೆ, ಮರಳುವಾಗ ಅದು ಆ ತುದಿಗೆ ಬರಬೇಕು. ಬೋಗಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಓಡಿ, ಇನ್ನೊಂದು ತುದಿಗೆ ಬಂದು ಕೂಡಿಕೊಳ್ಳಬೇಕು. ಲೂಪ್‌ನ ಎರಡೂ ತುದಿಯಲ್ಲಿ ಪಾಯಿಂಟ್ ಇದ್ದರಷ್ಟೇ ಇದು ಸಾಧ್ಯ. ಒಂದೇ ತುದಿಗೆ ಪಾಯಿಂಟ್ ಹಾಕಿದರೆ ಇಂಜಿನ್ ಒಳಗೆ ಸಿಕ್ಕಿಬೀಳುತ್ತದೆ. ಹೊಸದಾಗಿ ನಕ್ಷೆ ಹಾಕುವವರು ಪಾಯಿಂಟಿನ ದುಡ್ಡು ಉಳಿಸಲು ಹೋಗಿ ಎಡವುವುದು ಇಲ್ಲೇ.

ಅಳತೆಯ ಮಾತು

ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎನ್ನುತ್ತಾರೆ. ನಿಜವಾದದ್ದರ 87ನೇ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದಕ್ಕಿಂತ ಚಿಕ್ಕದು ಎನ್ ಅಳತೆ. 160ನೇ ಒಂದು ಪಾಲು, ಹಳಿಯ ಅಂತರ 9 ಮಿ.ಮೀ. ಚಿಕ್ಕ ಮನೆಗೆ ಎನ್ ಹಿಡಿಸುತ್ತದೆ, ಆದರೆ ಬೋಗಿಗಳು ಬೆರಳುದ್ದ, ಗಾಲಿಗಳು ಕಾಳಿನಷ್ಟು. ನಮ್ಮ ಬೀದರ್‌ನ ಕೆಂಪು ಧೂಳಿಗೂ ಐದು ವರ್ಷದ ಮಗುವಿನ ಕೈಗೂ ಅದು ತಡೆಯುವುದಿಲ್ಲ ಎಂದು ನನ್ನ ಅಭಿಪ್ರಾಯ. ದೊಡ್ಡ ಮಕ್ಕಳಿದ್ದರೆ ಆ ಮಾತು ಬೇರೆ.

ಎಚ್‌ಒ ಲೆಕ್ಕದಲ್ಲೇ ನೋಡೋಣ. ಬೀದರ್‌ನಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೆ 460 ಮೀಟರ್ ಹಳಿ ಬೇಕು. ಬೀದಿಯ ಈ ತುದಿಯಿಂದ ಆ ತುದಿಗೆ ಹಾಕಿದರೂ ಮುಗಿಯದು! ಹಳೆಯ ನೀಲಿ ಬೋಗಿ ನಿಜದಲ್ಲಿ 21 ಮೀಟರಿಗಿಂತ ಸ್ವಲ್ಪ ಉದ್ದ. ಮಾದರಿಯಲ್ಲಿ ಇಪ್ಪತ್ನಾಲ್ಕೂವರೆ ಸೆಂಟಿಮೀಟರ್. ಇಪ್ಪತ್ತು ಬೋಗಿಯ ಗಾಡಿ ಮಾಡಿದರೆ ಬೋಗಿಗಳೇ 16 ಅಡಿ ಆಗುತ್ತವೆ. ತಿರುವಿನ ವಿಷಯ ಇನ್ನೂ ಕಷ್ಟ. ನಮ್ಮ ಬ್ರಾಡ್‌ಗೇಜ್ ಹಳಿಯ ಅತಿ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಇರಬೇಕು. ಮಾದರಿಯಲ್ಲಿ ಅದು ಎರಡು ಮೀಟರ್, ಅಂದರೆ ರೈಲು ಒಮ್ಮೆ ಹಿಂತಿರುಗಲು ನಾಲ್ಕು ಮೀಟರ್ ಅಗಲದ ಕೋಣೆ ಬೇಕು.

ಹೀಗಾಗಿ ಯಾರೂ ಎಲ್ಲವನ್ನೂ ಅಳತೆಯಂತೆ ಮಾಡುವುದಿಲ್ಲ. ಬೋಗಿ, ಇಂಜಿನ್ ಅಳತೆಗೆ ಸರಿ ಇರುತ್ತವೆ; ದೂರವನ್ನೂ ತಿರುವನ್ನೂ ಕುಗ್ಗಿಸುತ್ತಾರೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವುಂಡರ್‌ಲ್ಯಾಂಡ್ ಎಂಬ ಬೃಹತ್ ಪ್ರದರ್ಶನದಲ್ಲೂ ಹೀಗೆಯೇ. ಅಷ್ಟೇಕೆ, ನಮ್ಮ ಬ್ರಾಡ್‌ಗೇಜ್ ನಿಜದಲ್ಲಿ 1676 ಮಿ.ಮೀ. ಅಗಲ. ಲೆಕ್ಕದಂತೆ ಮಾದರಿಯಲ್ಲಿ 19 ಮಿ.ಮೀ. ದಾಟಬೇಕು. ಸಿಗುವ 16.5 ಮಿ.ಮೀ. ಹಳಿ ಯುರೋಪಿನ ಅಳತೆಯದ್ದು. ಈ ಮೂರು ಮಿಲಿಮೀಟರಿಗಾಗಿ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಮಕ್ಕಳು ಕೆಡಿಸಿಕೊಳ್ಳುವುದಿಲ್ಲ.

ಈಗ ಹಾಸಿಗೆ ನೋಡೋಣ. ಅಂಗಡಿಯಲ್ಲಿ ಪ್ಲೈವುಡ್ ಹಲಗೆ ಸಿಗುವುದು 8 ಅಡಿಗೆ 4 ಅಡಿ. ಸೆಂಟಿಮೀಟರಿನಲ್ಲಿ 244ಕ್ಕೆ 122. ಹತ್ತರ ಒಂದು ಪಾಲಿಗೆ ಇಳಿಸಿದರೆ ಇದು ಮಗುವಿನ ಗ್ರಾಫ್ ಹಾಳೆಯೊಳಗೆ ಸಲೀಸಾಗಿ ಕೂರುತ್ತದೆ: 24.4 ಸೆಂ.ಮೀ.ಗೆ 12.2 ಸೆಂ.ಮೀ. ಸೆಟ್ಟುಗಳಲ್ಲಿ ಬರುವ ಹಳಿಯಲ್ಲಿ 44 ಸೆಂ.ಮೀ. ತ್ರಿಜ್ಯದ ತಿರುವು ಸಾಮಾನ್ಯ. ಜಿಯೊಮೆಟ್ರಿ ಬಾಕ್ಸಿನ ಕೈವಾರವನ್ನು 4.4ಕ್ಕೆ ಇಟ್ಟು ಎರಡೂ ತುದಿಗೆ ಅರ್ಧ ವೃತ್ತ ಹಾಕಿಸಿ. ಅಂಚಿನಲ್ಲಿ ಆರು ಸೆಂಟಿಮೀಟರಾದರೂ ಬಿಡಿ. ಹೊಲಿಗೆಗೆ ಬಿಟ್ಟ ಹಾಗೆ ಇದು ಬೀಳುವ ಬೋಗಿಗೆ ಬಿಟ್ಟ ಜಾಗ. ನಡುವೆ ನೇರ ಹಳಿಗೆ ಉಳಿಯುವುದು 144 ಸೆಂಟಿಮೀಟರ್. ಲೂಪ್‌ನ ಎರಡು ಪಾಯಿಂಟುಗಳು ತಲಾ 17 ತಿಂದರೆ ನಿಲ್ಲುವ ಜಾಗ ನೂರರ ಆಸುಪಾಸು. ಇಂಜಿನ್ 24, ಮೂರು ಬೋಗಿ ಸುಮಾರು 74. ಒಟ್ಟು 98. ಅಂದರೆ ಮೂರು ಬೋಗಿ ಬಿಗಿ, ಎರಡು ಬೋಗಿ ಆರಾಮ. ಕ್ರಾಸಿಂಗ್‌ಗೆ ನಿಂತ ಗಾಡಿಯ ಬಾಲ ಮುಖ್ಯ ಹಳಿಯ ಮೇಲೆ ಉಳಿದರೆ ಲೂಪ್ ಇದ್ದೂ ಇಲ್ಲದಂತೆ. ಆದ್ದರಿಂದ ಮೊದಲು ಗಾಡಿಯ ಉದ್ದ ಗೊತ್ತುಮಾಡಿ, ಆಮೇಲೆ ಲೂಪ್. ಎಂಟು ಬೋಗಿ ಬೇಕೆಂದು ಮಗ ಹಟ ಹಿಡಿದರೆ ಈ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸಿ. ಬೈಗುಳಕ್ಕಿಂತ ಬೇಗ ನಾಟುತ್ತದೆ.

ಕೈಯಿಂದ ಗೆರೆ ಎಳೆಯುವಾಗ ಎಲ್ಲರೂ ಪಾಯಿಂಟನ್ನು ಚಿಕ್ಕದಾಗಿ, ತೀರ ಅಗಲ ಕೋನದಲ್ಲಿ ಬರೆಯುತ್ತಾರೆ. ನಿಜವಾದ ರೈಲ್ವೆಯಲ್ಲಿ ಹಳಿ ಬೇರ್ಪಡುವುದು ಬಹಳ ನಿಧಾನ. ಹನ್ನೆರಡು ಅಡಿ ಮುಂದೆ ಹೋದಾಗ ಒಂದು ಅಡಿ ಸರಿಯುವಷ್ಟು. ಆಟದ ಹಳಿಯಲ್ಲಿ ಇದಕ್ಕಿಂತ ಬಿಗಿ ಇದೆ, ಆದರೂ ಪೆನ್ಸಿಲ್ಲಿನಷ್ಟು ಧಾರಾಳವಿಲ್ಲ. ಹಳೆಯ ಮದುವೆ ಕಾರ್ಡು ಕತ್ತರಿಸಿ ಪಾಯಿಂಟಿನ ಅಳತೆಯ ತುಂಡುಗಳನ್ನು ಮಾಡಿಟ್ಟುಕೊಂಡು, ಹಾಳೆಯ ಮೇಲೆ ಅವನ್ನೇ ಸರಿಸಿ ನೋಡಿ. ಕಾರ್ಡು ಕೂರದ ಕಡೆ ಹಳಿಯೂ ಕೂರುವುದಿಲ್ಲ.

ಹಾಳೆಯ ಮೇಲೆ ಒಪ್ಪಿಗೆಯಾದ ಮೇಲೆ ಪತ್ರಿಕೆಗಳನ್ನು ಗೋಂದಿನಿಂದ ಅಂಟಿಸಿ ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಹಾಸಿ. ಮೊಳೆಯ ಬದಲು ಒಬ್ಬರು ಬೆರಳಿಟ್ಟು ಹಿಡಿಯಲಿ, 44 ಸೆಂ.ಮೀ. ದಾರ ಕಟ್ಟಿ ಟೈಲರ್ ಚಾಕಿನಿಂದ ತಿರುವು ಎಳೆಯಿರಿ. ಎಡಕ್ಕೆ ತಿರುಗಿದ ಹಳಿ ತಕ್ಷಣ ಬಲಕ್ಕೆ ತಿರುಗುತ್ತಿದ್ದರೆ ಅಲ್ಲೊಂದು ಗುರುತು ಹಾಕಿ. ಅಂಥ ಹಾವಿನ ತಿರುವಿನಲ್ಲಿ ಮುಂದಿನ ಬೋಗಿ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಎಳೆದು ಗಾಲಿ ಹಳಿ ತಪ್ಪುತ್ತದೆ. ಎರಡರ ನಡುವೆ ಒಂದು ಬೋಗಿಯಷ್ಟಾದರೂ ನೇರ ಹಳಿ ಇರಬೇಕು.

ರಿಬ್ಬನ್ನಿನ ಪರೀಕ್ಷೆ

ನಕ್ಷೆಯಲ್ಲಿ ಕಣ್ಣಿಗೆ ಕಾಣದ ಒಂದು ದೋಷವಿದೆ. ಎರಡು ಹಳಿಗಳಲ್ಲಿ ವಿದ್ಯುತ್ ಹರಿಯುತ್ತದೆ, ಒಂದು ಧನ, ಒಂದು ಋಣ. ಅವೆರಡೂ ಎಲ್ಲಿಯೂ ಸೇರಬಾರದು. ಹೊರಟ ಹಳಿ ಗುಂಡಗೆ ಸುತ್ತಿ ತನಗೇ ಬಂದು ಸೇರಿ, ರೈಲು ಬಂದ ದಾರಿಗೇ ಮರಳುವಂತೆ ನೀವು ನಕ್ಷೆ ಹಾಕಿದ್ದರೆ, ಅವು ಸೇರಿಯೇ ಸೇರುತ್ತವೆ. ಇದನ್ನು ಪರೀಕ್ಷಿಸಲು ಮಗಳ ಜಡೆಯ ರಿಬ್ಬನ್ ಸಾಕು. ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಗೆರೆ ಎಳೆದು, ಮಗುಚದೆ ನಕ್ಷೆಯ ಮೇಲೆ ಹಾಸುತ್ತ ಹೋಗಿ. ಮರಳಿ ಬಂದು ಸೇರುವಲ್ಲಿ ಕೆಂಪು ಹಸಿರನ್ನು ಮುಟ್ಟಿದರೆ ಆ ಹಳಿಯಲ್ಲಿ ಶಾರ್ಟ್ ಸರ್ಕ್ಯೂಟ್ ಖಂಡಿತ. ಸುತ್ತಿನ ಒಳಗೆ ಕರ್ಣದಂತೆ ಅಡ್ಡ ಹಳಿ ಹಾಕಿದರೂ ಇದೇ ಗತಿ. ಹಳಿಯಲ್ಲಿ ಸೀಳು ಬಿಟ್ಟು ಸ್ವಿಚ್ ಹಾಕಿ ಇದನ್ನು ಸರಿಪಡಿಸುವ ಉಪಾಯಗಳಿವೆ, ಆದರೆ ಮೊದಲ ನಕ್ಷೆಯಲ್ಲಿ ಈ ಗೋಜೇ ಬೇಡ.

ವಿದ್ಯುತ್ತಿನ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಹೊರದೇಶದಿಂದ ಬಂದ ಸೆಟ್ಟಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. ಅಮೆರಿಕದ್ದು 120 ವೋಲ್ಟಿಗೆ, ಜಪಾನಿನದ್ದು 100 ವೋಲ್ಟಿಗೆ ಮಾಡಿದ್ದು ಇರುತ್ತದೆ. ನಮ್ಮ 230ಕ್ಕೆ ಸುಟ್ಟು ಹೋಗುತ್ತದೆ. ಹಳಿಯ ಮೇಲೆ ಹರಿಯುವುದು ಹನ್ನೆರಡು ವೋಲ್ಟಿನ ಸುಮಾರು ಮಾತ್ರ, ಅದು ಮಗುವಿಗೆ ಅಪಾಯವಲ್ಲ. ಅಪಾಯ ಇರುವುದು ಗೋಡೆಯ ಪ್ಲಗ್ಗಿನ ಬಳಿ. ಆ ಕಡೆಯ ಕೆಲಸ ದೊಡ್ಡವರದ್ದೇ ಆಗಿರಲಿ.

ಸೇತುವೆ ಬೇಕು, ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕು ಎಂಬ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಕೆಳಗೆ ರೈಲು ಹೋಗಲು ಎಂಟು ಸೆಂಟಿಮೀಟರ್ ಎತ್ತರ ಬೇಕು. ಮೀಟರಿಗೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ಏರಿಸಿದರೆ ಇಂಜಿನ್ ಏದುಸಿರು ಬಿಡುತ್ತದೆ. ಹಾಗಾದರೆ ಏರಲು ಬೇಕಾದ ದೂರ ಎರಡೂ ಮುಕ್ಕಾಲು ಮೀಟರಿನಷ್ಟು, ಇಡೀ ಹಲಗೆಯ ಉದ್ದಕ್ಕಿಂತ ಹೆಚ್ಚು. ಇಳಿಯಲು ಮತ್ತೆ ಅಷ್ಟೇ. ಬೇರೆ ಉಪಾಯ ಇದೆ: ಹಳಿ ಏರಿಸುವ ಬದಲು ನೆಲ ಇಳಿಸಿ. ಭಾಲ್ಕಿ ದಾಟಿ ಕಮಲನಗರಕ್ಕೆ ಹೋಗುವಾಗ ಮಾಂಜ್ರಾ ನದಿ ದಾಟಬೇಕಷ್ಟೆ. ಹಲಗೆಯಲ್ಲಿ ಒಂದು ಪಟ್ಟಿ ಕತ್ತರಿಸಿ ಕೆಳಗೆ ರಟ್ಟು ಹೊಡೆದರೆ ಹಳಿ ಮಟ್ಟದಲ್ಲೇ ಇದ್ದು ಕೆಳಗೆ ನದಿ ಸಿದ್ಧ.

ಇಷ್ಟೆಲ್ಲ ಸರಿ, ಆದರೆ 8 ಅಡಿಯ ಹಲಗೆಯನ್ನು ಎಲ್ಲಿಡುವುದು? ಬೀದರ್ ಹಳೆ ಊರಿನ ಮನೆಗಳಲ್ಲಿ ಹಗಲು ಕೂರುವ ಕೋಣೆಯೇ ರಾತ್ರಿ ಮಲಗುವ ಕೋಣೆ, ನಮಾಜಿನ ಹೊತ್ತಿಗೆ ಅದೇ ಜಾನಮಾಜ್ ಹಾಸುವ ಜಾಗ. ಬಡಗಿಗೆ ಹೇಳಿ ಹಲಗೆಯನ್ನು ನಡುವೆ ಕೊಯ್ಸಿ, ಕದದ ಕೀಲು ಹಾಕಿಸಿ, ಮಡಿಸಿ ಅಲ್ಮಾರಿಯ ಹಿಂದೆ ನಿಲ್ಲಿಸುವಂತೆ ಮಾಡಿ. ಆಗ ನಕ್ಷೆಗೆ ಒಂದು ಷರತ್ತು ಸೇರುತ್ತದೆ: ಮಡಿಕೆಯ ಗೆರೆಯನ್ನು ಹಳಿ ನೇರವಾಗಿಯೇ ದಾಟಬೇಕು, ಅಲ್ಲಿ ತಿರುವೂ ಇರಬಾರದು, ಪಾಯಿಂಟೂ ಇರಬಾರದು. ನಾಲ್ಕು ಅಡಿ ಅಗಲವನ್ನು ಗೋಡೆಗೆ ಒತ್ತಿ ಇಡಬೇಡಿ. ಕೈ ಎಟುಕುವುದು ಎರಡು, ಎರಡೂವರೆ ಅಡಿ ಮಾತ್ರ, ಮತ್ತು ರೈಲು ಬೀಳುವುದು ಯಾವಾಗಲೂ ಆಚೆ ಬದಿಗೇ.

ಅಷ್ಟೂ ಜಾಗವಿಲ್ಲದವರಿಗೆ ಗೋಡೆಯ ಪಕ್ಕ ಒಂದು ಅಡಿ ಅಗಲ, ಆರು ಅಡಿ ಉದ್ದದ ಪಟ್ಟಿ ಸಾಕು. ಬ್ರಿಟನ್ನಿನ ಅಲನ್ ರೈಟ್ ಎಂಬವರು ಎರಡೇ ಪಾಯಿಂಟುಗಳಲ್ಲಿ ಮಾಡಿದ ಪುಟ್ಟ ನಕ್ಷೆಯೊಂದಿದೆ. ಮೂರು ಹಳಿಗಳು, ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಅದರಲ್ಲಿ ಬಂದ ಕ್ರಮದಲ್ಲೇ ಐದು ವ್ಯಾಗನ್‌ಗಳ ಗಾಡಿ ಕಟ್ಟಬೇಕು. ಸಕ್ಕರೆ ಮೊದಲು, ಆಮೇಲೆ ಸಿಮೆಂಟು, ಆಮೇಲೆ ಗೊಬ್ಬರ. ಎಷ್ಟು ಬಗೆಯ ಕ್ರಮ ಬರಬಹುದು ಗೊತ್ತೇ? 8, 7, 6, 5, 4 ಇವನ್ನು ಗುಣಿಸಿ: 6720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷಕ್ಕೆ ಬರುತ್ತದೆ. ಸುತ್ತುವ ರೈಲಿಗಿಂತ ಇದೇ ಒಳ್ಳೆಯ ಆಟ ಎಂದು ನನಗನಿಸುತ್ತದೆ. ಇಂಜಿನ್ ಕೆಟ್ಟರೂ ಕೈಯಿಂದ ತಳ್ಳಿ ಆಡಬಹುದು. ಎರಡನೇ ತರಗತಿಯ ಮಗು ಬೆಂಕಿಪೊಟ್ಟಣಗಳನ್ನು ವ್ಯಾಗನ್ ಮಾಡಿಕೊಂಡು, ನೆಲದ ಮೇಲೆ ಚಾಕಿನ ಹಳಿಯಲ್ಲೂ ಆಡೀತು.

ಪುಣೆಗೆ ಹೋಗುವವರಿದ್ದರೆ ಕೊಥ್ರೂಡ್‌ನಲ್ಲಿ ಜೋಶಿಯವರ ಚಿಕ್ಕ ರೈಲುಗಳ ಮ್ಯೂಸಿಯಂ ನೋಡಿ ಬನ್ನಿ. ಭಾವೂಸಾಹೇಬ್ ಜೋಶಿಯವರ ಹವ್ಯಾಸದಿಂದ ಬೆಳೆದು 1998ರಲ್ಲಿ ತೆರೆದದ್ದು. ಮಕ್ಕಳು ದೀಪಗಳನ್ನು ನೋಡಲಿ. ನೀವು ಹಳಿ ಎಲ್ಲಿ ಕಣ್ಮರೆಯಾಗಿ ಎಲ್ಲಿ ಹೊರಬರುತ್ತದೆ ಎಂದು ನೋಡಿ. ರೈಲು ಸ್ವಲ್ಪ ಹೊತ್ತು ಕಾಣದಾದರೆ ದೂರ ಹೋಗಿ ಬಂದಂತೆ ಅನ್ನಿಸುತ್ತದೆ. ನಿಮ್ಮ ಹಲಗೆಯ ಉದ್ದಕ್ಕೂ ನಡುವೆ ಒಂದು ರಟ್ಟಿನ ಗೋಡೆ ನಿಲ್ಲಿಸಿ, ಈ ಬದಿಗೆ ಬೀದರ್ ಕೋಟೆಯ ಚಿತ್ರ, ಆ ಬದಿಗೆ ಭಾಲ್ಕಿಯ ಹೊಲಗಳು. ಬೀದರ್ ಮಾಸ್ತರಿಗೆ ಭಾಲ್ಕಿ ಕಾಣುವುದಿಲ್ಲ, ಕೂಗಿ ಕೇಳಬೇಕು. ಮಡಿಸುವ ಹಲಗೆಯಾದರೆ ಈ ಗೋಡೆ ಕಿತ್ತು ತೆಗೆಯುವಂತಿರಲಿ.

ಔರಾದ್ ಎಲ್ಲಿ?

ಔರಾದ್‌ನ ಸಹೋದರಿಯರು ಇಷ್ಟು ಹೊತ್ತಿಗೆ ಈ ಪ್ರಶ್ನೆ ಕೇಳಿಯೇ ಇರುತ್ತೀರಿ. ನಿಮ್ಮ ಊರಿಗೆ ರೈಲಿಲ್ಲ. ಈಗ ಬೇರೆ ತಾಲೂಕಾಗಿರುವ ಕಮಲನಗರ ಹಿಂದೆ ಔರಾದ್ ತಾಲೂಕಿಗೇ ಸೇರಿತ್ತು. ಹಳಿ ತಾಲೂಕನ್ನು ಮುಟ್ಟಿತ್ತು, ಊರನ್ನು ಮುಟ್ಟಲಿಲ್ಲ. ಬೀದರ್‌ನಿಂದ ಔರಾದ್ ಮೇಲೆ ನಾಂದೇಡ್‌ಗೆ ಮಾರ್ಗ ಬರಬೇಕೆಂಬ ಬೇಡಿಕೆ ಹಳೆಯದು. ರೈಲು ಹತ್ತಬೇಕಾದರೆ ಇಂದಿಗೂ ಬಸ್ಸಿನಲ್ಲಿ ಬೀದರ್‌ಗೋ ಕಮಲನಗರಕ್ಕೋ ಬರಬೇಕು. ರೋಗಿಯನ್ನು ಹೈದರಾಬಾದಿಗೆ ಒಯ್ಯುವವರಿಗೆ, ಮಗಳನ್ನು ಕಾಲೇಜಿಗೆ ಕಳುಹಿಸಬೇಕೋ ಬೇಡವೋ ಎಂದು ಯೋಚಿಸುವ ತಾಯಿಗೆ ಆ ಮೊದಲ ಬಸ್ಸಿನ ಭಾರ ಗೊತ್ತು.

ಔರಾದ್‌ನ ಮಕ್ಕಳು ನಕ್ಷೆ ಹಾಕುವಾಗ ನಕಲು ಮಾಡಲು ಏನೂ ಇಲ್ಲ, ಎಲ್ಲವನ್ನೂ ಅವರೇ ತೀರ್ಮಾನಿಸಬೇಕು. ಬೀದರ್ ಸ್ಟೇಷನ್ನಿನ ಯಾವ ಕಡೆಯಿಂದ ಹಳಿ ಕವಲೊಡೆಯಬೇಕು? ಮಾಂಜ್ರಾವನ್ನು ಎಲ್ಲಿ ದಾಟಬೇಕು, ಈಗಿನ ರಸ್ತೆ ಸೇತುವೆಯ ಹತ್ತಿರವೋ, ನದಿ ಕಿರಿದಾಗಿರುವ ಬೇರೆ ಕಡೆಯೋ? ಸ್ಟೇಷನ್ ಬಜಾರಿನ ಹತ್ತಿರ ಇದ್ದರೆ ಜನರಿಗೆ ಅನುಕೂಲ, ಆದರೆ ಯಾರ ಮನೆ, ಯಾರ ಹೊಲ ಹೋಗುತ್ತದೆ? ಊರ ಹೊರಗಿದ್ದರೆ ರಾತ್ರಿ ಗಾಡಿಯಿಂದ ಇಳಿದ ಹೆಂಗಸು ಮನೆಗೆ ಹೇಗೆ ಬರುತ್ತಾಳೆ? ಇವನ್ನು ಮಕ್ಕಳಿಗೆ ಕೇಳಿ, ಅವರ ಉತ್ತರಗಳನ್ನು ನಕ್ಷೆಯ ಅಂಚಿನಲ್ಲಿ ಬರೆಸಿ. ದೊಡ್ಡವರು ಮಾಡುವ ಸಮೀಕ್ಷೆಯಲ್ಲೂ ಕೇಳುವುದು ಇವನ್ನೇ. ಕೊನೆಯ ಪ್ರಶ್ನೆ ಮಾತ್ರ ಅಲ್ಲಿ ಎಷ್ಟು ಸಲ ಕೇಳುತ್ತಾರೋ.

ಹಲಗೆಯ ಮೇಲೆ ಔರಾದ್‌ಗೆ ಬೇರೆ ತುಂಡು ಬೇಕು. ಬೀದರ್ ಬದಿಯ ಅಂಚಿಗೆ ಒಂದು ಅಡಿ ಅಗಲದ ಹಲಗೆಯನ್ನು ಕೀಲಿನಿಂದ ತೂಗುಬಿಟ್ಟು, ಆಡುವಾಗ ಎತ್ತಿ ಕೆಳಗೆ ಊರುಗೋಲು ಕೊಡಿ. ಈಗ ಅದಕ್ಕೆ ಹಣವಿಲ್ಲ, ಮುಂದಿನ ರಜೆಗೆ ನೋಡೋಣ ಎನ್ನುವುದಾದರೂ ಬೀದರ್‌ನಿಂದ ಆ ಕಡೆಗೆ ಕವಲೊಡೆಯುವ ಪಾಯಿಂಟನ್ನು ಇವತ್ತೇ ಹಾಕಿಬಿಡಿ. ಹಾಸಿದ ಹಳಿಯ ನಡುವೆ ಆಮೇಲೆ ಪಾಯಿಂಟ್ ಸೇರಿಸಲು ಹೋದರೆ ಸುತ್ತಲಿನದೆಲ್ಲ ಕೀಳಬೇಕಾಗುತ್ತದೆ. ಅದರ ಮುಂದೆ ಹಲಗೆಯ ಅಂಚಿನವರೆಗೆ ಒಂದು ತುಂಡು ಹಳಿ ಇರಲಿ, ತುದಿಗೆ ಒಂದು ಅಡ್ಡಪಟ್ಟಿ. ಔರಾದ್ ಬರುವ ತನಕ ಅಲ್ಲಿ ಗೊಬ್ಬರದ ವ್ಯಾಗನ್ ನಿಲ್ಲಿಸಬಹುದು.